ಅಂಗೈ ಅಡಿಯ ಮಾತು

ಏಳನೆಯ ಮೌನ ಹನ್ನೊಂದು ಸೆಕೆಂಡು ಇತ್ತು.

ಸೊನ್ನೆ ಸಾಹೇಬರು ಹೆಡ್‌ಫೋನನ್ನು ಎರಡೂ ಕೈಯಿಂದ ಕಿವಿಗೆ ಒತ್ತಿಕೊಂಡರು. ಧ್ವನಿಮುದ್ರಿಕೆಯಲ್ಲಿ ಯಾರೋ ಹೆಂಗಸು ತನ್ನ ಬೀದಿಯ ಚರಂಡಿ ಉಕ್ಕಿದೆಯೆಂದು ದೂರುತ್ತಿದ್ದಳು. ಎರಡನೇ ಮೇಜಿನವಳು “ಮನೆ ನಂಬರ್ ಹೇಳಿ ಅಮ್ಮಾ” ಅಂದಳು. ಆಮೇಲೆ ಈ ಕಡೆಯಿಂದ ಏನೂ ಇಲ್ಲ. ಉಸಿರಿಲ್ಲ. ಆ ಕೋಣೆಯಲ್ಲಿ ಹಗಲಿಡೀ ಗುಂಯ್‌ಗುಡುವ ಹಳೇ ಫ್ಯಾನಿನ ಸದ್ದೂ ಇಲ್ಲ. ಹೆಂಗಸು ಮೂರು ಸಲ “ಹಲೋ” ಎಂದಳು. ಹನ್ನೊಂದನೇ ಸೆಕೆಂಡಿಗೆ ಫ್ಯಾನು ಮರಳಿ ಬಂತು. “ಹಾಂ, ಹೇಳಿ ಅಮ್ಮಾ.” ಮಾತು ಅದೇ. ದನಿ ಮಾತ್ರ ಬೇರೆ, ಯಾರೋ ಅದರ ಕತ್ತು ಹಿಸುಕಿ ಬಿಟ್ಟ ಹಾಗೆ.

ಸಾಹೇಬರು ಪುಸ್ತಕದಲ್ಲಿ ಇನ್ನೊಂದು ಸೊನ್ನೆ ಬರೆದರು.

ಅವರಿಗೆ ಆ ಹೆಸರು ಬಂದಿದ್ದೇ ಹಾಗೆ. ಇಪ್ಪತ್ತೆರಡು ವರ್ಷ ವಿಚಾರಣೆಗಳಲ್ಲಿ ಶೀಘ್ರಲಿಪಿಕಾರರಾಗಿದ್ದು, ಆಮೇಲೆ ತಾವೇ ವಿಚಾರಣಾಧಿಕಾರಿಯಾದವರು. ಸಾಕ್ಷಿ ಹೇಳುವವನು ಎಲ್ಲಿ ಸುಮ್ಮನಾಗುತ್ತಾನೋ ಅಲ್ಲೊಂದು ಸಣ್ಣ ಸೊನ್ನೆ ಹಾಕುವುದು ಅಂದಿನಿಂದ ಬಂದ ಅಭ್ಯಾಸ. ಮಾತನ್ನು ಯಾರು ಬೇಕಾದರೂ ತಿದ್ದಿಕೊಳ್ಳಬಹುದು, ಸುಮ್ಮನಾದ ಜಾಗವನ್ನು ತಿದ್ದುವುದು ಕಷ್ಟ ಎಂದು ಅವರು ನಂಬಿದ್ದರು. ಮನೆಯಲ್ಲಿ ಹೆಂಡತಿ ಮಾತ್ರ “ನಿಮ್ಮ ಜೊತೆ ಜಗಳ ಆಡೋದಕ್ಕಿಂತ ಬೀರುವಿನ ಜೊತೆ ಆಡಬಹುದು, ಅದು ಕೊನೇಪಕ್ಷ ಕಿರ್ ಅನ್ನುತ್ತೆ” ಎನ್ನುತ್ತಿದ್ದಳು.

ನಗರಸಭೆಯ ದೂರು ಕೇಂದ್ರದ ನಾಲ್ಕನೇ ಮೇಜಿನ ಅಕ್ಕ ಹಿಂಬದಿಯ ಮೆಟ್ಟಿಲಿನಿಂದ ಉರುಳಿ ಬಿದ್ದು ಇಂದಿಗೆ ಆರು ದಿನ. ಬಿದ್ದಾಗಿನಿಂದ ಆಕೆ ಒಂದು ಮಾತೂ ಆಡಿರಲಿಲ್ಲ. ಮೇಲ್ವಿಚಾರಕಿಯ ಕಿರುಕುಳ ತಾಳಲಾರದೆ ಹೀಗಾಯಿತು ಎಂದು ಹನ್ನೊಂದು ಜನ ಬರೆದುಕೊಟ್ಟಿದ್ದರು. ಮೇಲ್ವಿಚಾರಕಿ, ಅಂದರೆ ಗಂಟೆ ಮೇಡಂ. ಯಾರಾದರೂ ಕುರ್ಚಿಗೆ ತಡವಾಗಿ ಬಂದರೆ ಮೇಜಿನ ಮೇಲಿನ ಗಂಟೆ ಬಡಿಯುತ್ತಿದ್ದ ಹೆಂಗಸು. ಆಕೆ ಕೊಟ್ಟ ಹೇಳಿಕೆ ಒಂದೇ ಸಾಲು: “ಹನ್ನೊಂದು ಜನ ಹೇಳಿದ ಮೇಲೆ ನನ್ನದೇನಿದೆ?”

ಸಂಜೆ ನಾಲ್ಕಕ್ಕೆ ಸಾಹೇಬರ ವರದಿ ಆಯುಕ್ತರ ಮೇಜಿನ ಮೇಲಿರಬೇಕು. ಇದ್ದರೆ, ಇಪ್ಪತ್ತೊಂಬತ್ತು ವರ್ಷ ದುಡಿದ ಗಂಟೆ ಮೇಡಂ ನಾಳೆ ಪೊಲೀಸ್ ಠಾಣೆಯ ಬೆಂಚಿನ ಮೇಲಿರುತ್ತಾರೆ.

ಈಗ ಒಂದೂ ಮುಕ್ಕಾಲು.

“ನೀರು ಕುಡೀರಿ ಸಾರ್. ಗಂಟಲು ಒಣಗಿರುತ್ತೆ.”

ಮೇಜಿನ ಮೇಲೆ ನೀಲಿ ಮುಚ್ಚಳದ ಬಾಟಲಿ ಬಂದು ಕೂತಿತು. ತಂದವಳು ಮೂರನೇ ಮೇಜಿನವಳು. ಕಚೇರಿಯಲ್ಲಿ ಎಲ್ಲರಿಗೂ ಅವಳು ಜೇನು. ಊರಿನ ಅರ್ಧ ಜನ ಬೈಯಲೆಂದು ಫೋನು ಮಾಡಿ ಅವಳ ದನಿ ಕೇಳಿ ‘ಥ್ಯಾಂಕ್ಸ್ ತಂಗಿ’ ಎಂದು ಇಟ್ಟುಬಿಡುತ್ತಿದ್ದರಂತೆ. ಈ ಮೂರು ದಿನ ಧ್ವನಿಮುದ್ರಿಕೆಗಳನ್ನು ಹುಡುಕಿ ಕೊಟ್ಟವಳೂ ಅವಳೇ.

ಸಾಹೇಬರು ಬಾಟಲಿ ನೋಡಿದರು. ಬೆಳಗಿನಿಂದ ಅವರು ನಾಲ್ಕು ಮಾತೂ ಆಡಿರಲಿಲ್ಲ. ಗಂಟಲು ಯಾಕೆ ಒಣಗಬೇಕೋ ತಿಳಿಯಲಿಲ್ಲ. ಆದರೂ ಎರಡು ಗುಟುಕು ಕುಡಿದರು.

“ಇಲ್ಲಿ ದನಿ ನಿಂತುಹೋಗುತ್ತಲ್ಲಮ್ಮ, ಯಾಕೆ?”

ಜೇನು ಬಗ್ಗಿ ಪರದೆ ನೋಡಿದಳು. “ಓ, ಅದಾ. ಫೋನಲ್ಲಿ ಕೆಂಪು ಗುಂಡಿ ಇದೆ ಸಾರ್. ಒತ್ತಿದ್ರೆ ನಮ್ಮ ಕಡೆ ಪೂರ್ತಿ ಬಂದ್. ಆಚೆಯವರಿಗೂ ಕೇಳಲ್ಲ, ರೆಕಾರ್ಡೂ ಆಗಲ್ಲ. ಗುಂಡಿ ಮೇಲೆ ದೀಪ ಉರಿಯುತ್ತೆ.”

“ಯಾವಾಗ ಒತ್ತೋದು?”

ಅವಳು ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು. “ಇನ್ಯಾವಾಗ ಸಾರ್. ಮೇಡಂ ಬಂದು ಬೈಯುವಾಗ. ಜನಕ್ಕೆ ಕೇಳಬಾರ್ದಲ್ಲ, ಮರ್ಯಾದೆ ಪ್ರಶ್ನೆ. ನಾವೇ ಒತ್ಕೊಂಡು, ತಲೆ ತಗ್ಗಿಸಿ, ಎಲ್ಲ ಕೇಳಿಸ್ಕೋತಿದ್ವಿ.”

ಅವಳ ಕಣ್ಣಂಚು ಒದ್ದೆಯಾಯಿತು. ಸಾಹೇಬರು ಬರೆದುಕೊಂಡರು. ಎಲ್ಲ ಸರಿಹೊಂದುತ್ತಿತ್ತು.

ಫೋನು ಬಡಿದುಕೊಂಡಿತು. ಆಸ್ಪತ್ರೆಯಿಂದ ಅಕ್ಕನ ಮಗಳು. ಅವಳ ದನಿ ಹೆಡ್‌ಫೋನಿಲ್ಲದೆಯೂ ಕೋಣೆ ತುಂಬುವಷ್ಟಿತ್ತು.

“ಸಾರ್, ಅಮ್ಮ ಬಾಯಿ ಆಡಿಸಿದ್ರು! ಏನೋ ಹೇಳೋಕೆ ನೋಡ್ತಿದಾರೆ. ಸಂಜೆ ಹೊತ್ತಿಗೆ ಮಾತು ಬರಬಹುದು ಅಂತ ಡಾಕ್ಟರು ಹೇಳಿದ್ರು. ಆದರೆ ಸಾರ್, ನಾನು ಎರಡೂವರೆಗೆ ಮಗೂನ ಸ್ಕೂಲಿಂದ ಕರ್ಕೊಂಡು ಬರಬೇಕು. ನಾಲ್ಕರ ತನಕ ಅಮ್ಮನ ಹತ್ರ ಯಾರಾದ್ರೂ ಕೂತ್ಕೊಂಡ್ರೆ ಚೆನ್ನಾಗಿತ್ತು. ಅವರು ಇನ್ನೂ ನುಂಗೋ ಹಾಗಿಲ್ಲ, ಒಂದು ಹನಿ ನೀರು ಹಾಕಿದ್ರೂ ಉಸಿರಿನ ದಾರಿಗೆ ಹೋಗುತ್ತೆ ಅಂದಿದಾರೆ. ಅವರಾಗೇ ಕೇಳಿದ್ರೂ ಕೊಡಬಾರದಂತೆ. ಹಾಗಾಗಿ ಒಬ್ಬರೇ ಬಿಡೋಕೆ ಭಯ.”

“ನಾನು ಹೋಗ್ತೀನಿ ಸಾರ್,” ಜೇನು ಆಗಲೇ ಸೆರಗು ಸರಿಮಾಡಿಕೊಂಡಿದ್ದಳು. “ಅಕ್ಕ ನಂಗೆ ತಾಯಿ ಇದ್ದ ಹಾಗೆ.”

ಕಚೇರಿಯವರು ಯಾರೂ ಆ ವಾರ್ಡಿನೊಳಗೆ ಕಾಲಿಡಬಾರದೆಂದು ಮೊದಲ ದಿನವೇ ಅಪ್ಪಣೆ ಮಾಡಿದವರು ಸಾಹೇಬರೇ. ಈಗ ಅವರೇ ನರ್ಸಮ್ಮನಿಗೆ ಎರಡು ಸಾಲು ಬರೆದರು: ‘ಈಕೆಯನ್ನು ಹಾಸಿಗೆಯ ಬಳಿ ಕೂರಲು ಬಿಡುವುದು.’ ಕೆಳಗೆ ಸಹಿ, ಮೊಹರು.

ಜೇನು ಕೈಮುಗಿದು ಹೊರಟಳು. ಬಾಟಲಿ ಮೇಜಿನ ಮೇಲೇ ಉಳಿಯಿತು.

*

ಹಾಜರಿ ಪುಸ್ತಕ ತೆರೆದಾಗ ಅವರಿಗಿದ್ದದ್ದು ಸುಮ್ಮನೆ ಒಂದು ಕೆಲಸ ಮುಗಿಸುವ ಉದ್ದೇಶ. ಮೌನ ಇದ್ದ ದಿನಗಳಿಗೆಲ್ಲ ಗಂಟೆ ಮೇಡಂ ಹಾಜರಿದ್ದರು ಎಂದು ಗುರುತು ಹಾಕಿಕೊಂಡರೆ ವರದಿಗೆ ಒಂದು ಪುಟ ಸಿದ್ಧ.

ನಾಲ್ಕನೇ ಸಾಲಿಗೆ ಬೆರಳು ನಿಂತಿತು.

ಹೋದ ತಿಂಗಳು ಮೇಡಂ ಮೂರು ದಿನ ರಜೆ. ಕಣ್ಣಿನ ಶಸ್ತ್ರಚಿಕಿತ್ಸೆ. ಆಸ್ಪತ್ರೆಯ ಚೀಟಿ ಅಲ್ಲೇ ಅಂಟಿಸಿತ್ತು. ಆ ಮೂರು ದಿನದ ಧ್ವನಿಮುದ್ರಿಕೆ ತೆಗೆದು ಕೇಳಿದರು.

ಹದಿನಾಲ್ಕು ಮೌನ.

ಬೈಯುವವಳು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಮನೆಯಲ್ಲಿ ಮಲಗಿದ್ದಾಗಲೂ ಹುಡುಗಿಯರು ಗುಂಡಿ ಒತ್ತಿದ್ದರು. ಯಾರಿಗಾಗಿ?

ಹಿಂದೆಯೇ ಇನ್ನೊಂದು ನೆನಪಾಯಿತು. ಇಷ್ಟು ದಿನ ಕಿವಿಗೆ ಬಿದ್ದೂ ತಲೆಗೆ ಹೋಗದಿದ್ದ ಸದ್ದು. ಎಷ್ಟೋ ಕರೆಗಳ ಹಿಂದೆ ‘ಟಿಣ್’ ಎಂದು ಗಂಟೆ ಬಡಿಯುತ್ತಿತ್ತು. “ಐದನೇ ಮೇಜು! ಜನ ಕಾಯ್ತಿದಾರೆ, ಏನು ಹರಟೆ?” ಎಂದು ಗಂಟೆ ಮೇಡಂ ಗದರುವುದು ಸ್ಪಷ್ಟವಾಗಿ ಕೇಳುತ್ತಿತ್ತು. ಸ್ಪಷ್ಟವಾಗಿ! ಅಂದರೆ ಆಕೆ ಬೈಯುವಾಗ ಯಾರೂ ಗುಂಡಿ ಒತ್ತಿರಲಿಲ್ಲ.

ಜೇನು ಹೇಳಿದ್ದು ತಪ್ಪು. ತಪ್ಪು ತಿಳಿದಿದ್ದಳೋ, ಅಥವಾ ಯಾರಾದರೂ ಹಾಗೆ ಹೇಳಿಕೊಟ್ಟಿದ್ದರೋ?

ಸಾಹೇಬರು ಹನ್ನೊಂದು ದೂರುಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಿದರು. ಹನ್ನೊಂದೂ ಬೇರೆ ಬೇರೆ ಕೈಬರಹ. ಹನ್ನೊಂದರ ಮೊದಲ ಸಾಲೂ ಒಂದೇ: ‘ಅತೀವ ಮನೋವೇದನೆಯಿಂದ ತಮ್ಮ ಗಮನಕ್ಕೆ ತರಬಯಸುವುದೇನೆಂದರೆ.’ ಚರಂಡಿ, ನಲ್ಲಿ, ಬೀದಿನಾಯಿ ಎಂದು ದಿನವಿಡೀ ನೆಟ್ಟಗೆ ಮಾತಾಡುವ ಜನ ಹೀಗೆ ಬರೆಯುವುದಿಲ್ಲ. ಹೀಗೆ ಬರೆಯುವವರು ಈ ಕಟ್ಟಡದಲ್ಲಿ ಒಬ್ಬರೇ. ನೌಕರರ ಸಂಘದ ಕಾರ್ಯದರ್ಶಿ, ಎಲ್ಲರೂ ದೊಡ್ಡಪ್ಪ ಎಂದು ಕರೆಯುವ ಹಿರಿಯ ಗುಮಾಸ್ತ. ದೂರುಗಳನ್ನು ಒಂದೇ ಕಟ್ಟಿನಲ್ಲಿ ತಂದುಕೊಟ್ಟವರೂ ಅವರೇ.

*

ದೊಡ್ಡಪ್ಪ ಸಿಕ್ಕಿದ್ದು ಹಿಂಬದಿಯ ಮೆಟ್ಟಿಲಿನ ಮೇಲೆ. ಹದಿಮೂರು ಮೆಟ್ಟಿಲು, ಒಂದು ಕಡೆ ತುಕ್ಕು ಹಿಡಿದ ಕಂಬಿ, ಇನ್ನೊಂದು ಕಡೆ ಬಣ್ಣ ಸುಲಿದ ಗೋಡೆ. ಮೇಲಿನಿಂದ ಮೂರನೆಯ ಮೆಟ್ಟಿಲ ಮೇಲೆ ಅಂದು ನೀರು ಚೆಲ್ಲಿತ್ತು ಎಂದು ಗುಡಿಸುವಾಕೆ ಹೇಳಿದ್ದಳು. ದೊಡ್ಡಪ್ಪ ಸರಿಯಾಗಿ ಆ ಮೆಟ್ಟಿಲನ್ನು ಬಿಟ್ಟು ಕೆಳಗಿನದರಲ್ಲಿ ಕೂತಿದ್ದರು.

“ಬನ್ನಿ ಸಾಹೇಬ್ರೇ. ವರದಿ ಮುಗೀತಾ?”

“ಮುಗಿಸೋಕೆ ನೀವೇ ಬಿಡ್ತಿಲ್ಲ.”

“ನಾನೇನು ಮಾಡಿದೆ?”

“ಹನ್ನೊಂದು ದೂರು ಬರೆದಿರಿ.”

ದೊಡ್ಡಪ್ಪ ನಕ್ಕರು. ನಗು ಮೀಸೆಯಲ್ಲೇ ಸಿಕ್ಕಿಕೊಂಡಿತು. “ಅವರಿಗೆ ಬರೆಯೋಕೆ ಬರಲ್ಲ. ಭಾಷೆ ತಿದ್ದಿಕೊಟ್ಟೆ. ಅದೂ ಅಪರಾಧವಾ?”

“ಗಂಟೆ ಮೇಡಂ ರಜೆಯಲ್ಲಿದ್ದ ಮೂರು ದಿನಾನೂ ಹುಡುಗಿಯರು ಗುಂಡಿ ಒತ್ತಿದಾರೆ. ಹದಿನಾಲ್ಕು ಸಲ.”

ದೊಡ್ಡಪ್ಪ ಸುಮ್ಮನಾದರು.

ಸಾಹೇಬರ ಕೈ ತನ್ನಿಂತಾನೇ ಜೇಬಿನ ಪೆನ್ನಿಗೆ ಹೋಯಿತು. ಹೋಗಿ ಹಿಂದೆ ಬಂತು. “ಮೇಜು ಮೇಜು ಸುತ್ತುವವರು ಈ ಕಚೇರಿಯಲ್ಲಿ ಇಬ್ಬರೇ. ಒಬ್ಬರು ಮೇಡಂ. ಇನ್ನೊಬ್ಬರು ನೀವು. ಸಂಘದ ಕೆಲಸ ಅಂತ ಯಾರ ಪಕ್ಕದಲ್ಲಿ ಬೇಕಾದರೂ ನಿಲ್ಲಬಹುದು. ಅಕ್ಕನ ಪಕ್ಕದಲ್ಲಿ ನಿಂತು ಏನು ಹೇಳ್ತಿದ್ರಿ?”

“ನಾನಾ?” ದೊಡ್ಡಪ್ಪ ಎದ್ದು ನಿಂತರು. “ನಾನು, ಅಕ್ಕಂಗೆ? ಒಂದೇ ದಿನ ಕೆಲಸಕ್ಕೆ ಸೇರಿದೋರು ಸಾರ್ ನಾವು! ನನ್ನ ಮಗನ ಮದುವೆಗೆ ಹೆಣ್ಣು ನೋಡೋಕೆ ನಮ್ಮ ಜೊತೆ ಬಂದೋಳು ಅವಳು!”

“ಹಾಗಿದ್ರೆ ಸುಳ್ಳು ದೂರು ಯಾಕೆ ಬರೆದ್ರಿ?”

“ಪೆನ್ನು ನಂದು. ಮಾತು ನಂದಲ್ಲ.”

“ಯಾರದ್ದು?”

ದೊಡ್ಡಪ್ಪನ ಬೆರಳು ಕಂಬಿಯ ತುಕ್ಕನ್ನು ಕೆರೆಯುತ್ತಿತ್ತು.

“ಗಂಟೆ ಮೇಡಂ ಒಳ್ಳೇವ್ರು ಅಂತ ನಾನು ಹೇಳಲ್ಲ,” ಕೊನೆಗೆ ಅವರೇ ಶುರುಮಾಡಿದರು. “ಬಾಯಿ ಕೆಟ್ಟದ್ದು. ಒಂದ್ಸಲ ನನ್ನನ್ನೇ, ಈ ವಯಸ್ಸಲ್ಲಿ, ‘ಏನ್ರೀ ಒಣಗಿದ ಮರದ ಹಾಗೆ ನಿಂತಿದೀರಿ’ ಅಂದ್ರು. ಆದರೆ ಬೈಯೋದು ಎಲ್ಲರ ಎದುರಿಗೇ. ಗುಂಡಿ ಒತ್ತಿಸಿ ಬೈಯೋ ಹೆಂಗಸಲ್ಲ ಅದು.”

“ಮತ್ತೆ ಒತ್ತಿಸೋರು ಯಾರು?”

“ನನ್ನ ಸೊಸೆ ಐದನೇ ಮೇಜಲ್ಲಿದಾಳೆ ಸಾರ್. ಕೆಲಸ ಇನ್ನೂ ಕಾಯಂ ಆಗಿಲ್ಲ. ಅವಳನ್ನ ಕೇಳಿ ನೋಡಿ. ಹದಿನೇಳು ದಿನ ಆ ಕೋಣೇಲಿ ಯಾರೂ ಅಕ್ಕನ ಜೊತೆ ಮಾತಾಡ್ಲಿಲ್ಲ. ಊಟಕ್ಕೆ ಕರೀಲಿಲ್ಲ. ಕೂರೋಕೆ ಹೋದ್ರೆ ಕುರ್ಚಿ ಇರ್ತಿರ್ಲಿಲ್ಲ. ಮಾತಾಡಿಸಿದ್ರೆ ನಾಳೆಯಿಂದ ಅದೇ ಗತಿ ಮಾತಾಡಿಸಿದೋರಿಗೆ. ನನ್ನ ಸೊಸೆ ಮನೆಗೆ ಬಂದು ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡು ಅಳ್ತಿದ್ಲು. ಬೆಳಿಗ್ಗೆ ಹೋಗಿ ಅಕ್ಕನ ಜೊತೆ ಮಾತು ಬಿಡ್ತಿದ್ಲು.”

“ನೀವು?”

“ನಾನೂ ಬಿಟ್ಟೆ.” ದೊಡ್ಡಪ್ಪ ಕಂಬಿಯಿಂದ ಕೈ ತೆಗೆದರು. “ಈ ಮೆಟ್ಟಿಲ ಮೇಲೇ ಎದುರಿಗೆ ಸಿಕ್ಕಿದ್ಲು. ‘ನೀವೂನಾ?’ ಅಂದ್ಲು. ಗೋಡೆ ನೋಡ್ಕೊಂಡು ಇಳಿದೆ.”

“ಹೆಸರು ಹೇಳಿ ದೊಡ್ಡಪ್ಪಾ.”

“ನನ್ನ ಬಾಯಲ್ಲಿ ಬರಲ್ಲ.” ಅವರು ತಲೆ ಅಲ್ಲಾಡಿಸಿದರು. “ಮೂರು ದಿನದಿಂದ ಎಲ್ಲ ಮೇಜಿನ ಮೌನ ಹುಡುಕಿದ್ರಲ್ಲ ಸಾಹೇಬ್ರೇ. ಒಂದೂ ಮೌನ ಇಲ್ಲದ ಮೇಜು ಹುಡುಕಿದ್ರಾ?”

ಸಾಹೇಬರು ಮೇಲೇರತೊಡಗಿದ್ದರು. ಹಿಂದಿನಿಂದ ದೊಡ್ಡಪ್ಪನ ದನಿ ಬಂತು, “ಮತ್ತೆ, ಅಕ್ಕ ಗುಂಡಿ ಒತ್ತುತ್ತಿರ್ಲಿಲ್ಲ. ಹಳೇ ಟೆಲಿಫೋನಿನ ಕಾಲದೋಳು. ಮಾತು ಮುಚ್ಚೋಕೆ ಅಂಗೈ ಅಡ್ಡ ಇಡೋದೇ ಅವಳಿಗೆ ಅಭ್ಯಾಸ.”

*

ಮೂರೂ ಹತ್ತು.

ಪಟ್ಟಿ ತೆಗೆಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಒಂದನೇ ಮೇಜಿನಲ್ಲಿ ಮೌನವಿತ್ತು. ಎರಡರಲ್ಲಿತ್ತು, ಐದರಿಂದ ಹನ್ನೆರಡರವರೆಗೂ ಇತ್ತು. ಮೂರನೇ ಮೇಜಿನಲ್ಲಿ ಇಡೀ ತಿಂಗಳಲ್ಲಿ ಒಂದೂ ಇರಲಿಲ್ಲ. ಉಳಿದವರು ಮೌನವಾದ ಒಂದೊಂದು ಗಳಿಗೆಯಲ್ಲೂ ಮೂರನೇ ಮೇಜಿನ ಫೋನು ಖಾಲಿಯಿತ್ತು. ಕೂತವಳು ಬಿಡುವಾಗಿದ್ದಳು.

ಇರಲಾರದು ಎಂದುಕೊಂಡರು. ಆ ದನಿಯೇ?

ಅಕ್ಕನ ಮೇಜು ಕಂಬದ ಮರೆಯಲ್ಲಿತ್ತು. ಅವಳ ಫೋನಿನ ಕೆಂಪು ದೀಪ ಉರಿಯಿತೋ ಇಲ್ಲವೋ ಪಕ್ಕದ ಮೇಜಿನಿಂದ ಕಾಣುವಂತಿರಲಿಲ್ಲ. ಸಾಹೇಬರು ಆಕೆ ಬಿದ್ದ ದಿನದ ಕರೆಗಳನ್ನು ತೆಗೆದರು. ಮಧ್ಯಾಹ್ನ ಎರಡೂ ನಲವತ್ತರದ್ದು.

ಯಾರೋ ಮುದುಕ. “ನಮ್ಮ ಬೀದಿ ದೀಪ ಹಗಲೆಲ್ಲ ಉರಿಯುತ್ತೆ ಕಣಮ್ಮ, ಕತ್ತಲಾದ ಕೂಡಲೇ ನಿದ್ದೆ ಮಾಡುತ್ತೆ. ನನ್ನ ಮಗನ ಹಾಗೆ.”

ಅಕ್ಕ ನಕ್ಕಳು. ನಡುವಿನಲ್ಲೇ ಆ ನಗು ತುಂಡಾಯಿತು. ಚರಕ್ಕೆಂದು ಏನೋ ಉಜ್ಜಿದ ಸದ್ದು. ಚರ್ಮ ಮೈಕಿಗೆ ತಾಗಿದ ಸದ್ದು.

ಆದರೆ ಫ್ಯಾನು ನಿಲ್ಲಲಿಲ್ಲ. ಕಂಬಳಿ ಹೊದ್ದ ಹಾಗೆ ಮಂದವಾಗಿ ಗುಂಯ್‌ಗುಡುತ್ತಲೇ ಇತ್ತು. ಅದರ ನಡುವಿನಿಂದ, ಅಂಗೈಯ ಕೆಳಗಿನಿಂದ, ಒಂದು ಹೆಣ್ಣು ದನಿ. ಮೆತ್ತಗೆ. ಬೈಗುಳವಿಲ್ಲ, ಆವೇಶವಿಲ್ಲ.

“ನನ್ನನ್ನ ಈ ಕೋಣೆಯಿಂದ ಎತ್ತಿಹಾಕೋಕೆ ಮೇಡಂ ಹತ್ರ ಹೇಳಿದೀಯಂತೆ.”

“ನಾನು ಹೇಳಿಲ್ಲಮ್ಮ. ಅವರಾಗೇ ಕೇಳಿದ್ರು...”

“ನಗು. ಗಿರಾಕಿ ಕಾಯ್ತಿದಾನೆ, ನಗ್ತಾ ಮಾತಾಡು. ಮೂರು ಗಂಟೆಗೆ ಹಿಂದಿನ ಮೆಟ್ಟಿಲ ಹತ್ರ ಬಾ.”

“ಬೇಡಮ್ಮ. ನನ್ನ ಪಾಡಿಗೆ ಬಿಡು.”

“ಬಾ ಅಂದೆ. ಈಗ ನೀರು ಕುಡಿ. ಗಂಟಲು ಒಣಗಿರುತ್ತೆ.”

ಅಂಗೈ ಸರಿಯಿತು. “ಹಲೋ, ಹೋದ್ರಾ?” ಮುದುಕ ಕೇಳುತ್ತಿದ್ದ.

ಸಾಹೇಬರು ಹೆಡ್‌ಫೋನು ತೆಗೆದರು. ಎದುರಿಗೆ ನೀಲಿ ಮುಚ್ಚಳದ ಬಾಟಲಿ. ಎರಡು ಗುಟುಕು ಕಡಿಮೆ. ತಾಯಿಯ ವಯಸ್ಸಿನವಳಿಗೆ ‘ಬಾ’, ‘ಕುಡಿ’ ಎನ್ನುತ್ತಿದ್ದ ಆ ದನಿ ಊರಿಗೆಲ್ಲ ಜೇನು.

ಅವರ ಸಹಿ. ಅವರ ಮೊಹರು. ‘ಹಾಸಿಗೆಯ ಬಳಿ ಕೂರಲು ಬಿಡುವುದು.’

ಜೇನಿನ ಮೊಬೈಲು ಸ್ವಿಚಾಫ್ ಆಗಿತ್ತು. ಅಕ್ಕನ ಮೊಬೈಲು ಹಾಸಿಗೆಯ ಪಕ್ಕದಲ್ಲೇ ಇಟ್ಟಿರುತ್ತೇನೆ ಎಂದು ಮಗಳು ಹೇಳಿದ್ದು ನೆನಪಾಯಿತು. ಆ ನಂಬರು ಒತ್ತಿದರು. ಆ ಹೊತ್ತಿಗೆ ದೊಡ್ಡಪ್ಪ ಏದುಸಿರು ಬಿಡುತ್ತ ಬಾಗಿಲಿಗೆ ಬಂದು ನಿಂತಿದ್ದರು.

ನಾಲ್ಕು ಸಲ ರಿಂಗಾಯಿತು.

“ನಮಸ್ಕಾರ, ಹೇಳಿ?”

ಅದೇ ದನಿ.

“ನಾನಮ್ಮ,” ಸಾಹೇಬರು ತಮ್ಮ ದನಿಯನ್ನು ಕಷ್ಟಪಟ್ಟು ಸಮಕ್ಕೆ ತಂದರು. “ಅಕ್ಕ ಹೇಗಿದಾರೆ?”

“ಈಗಷ್ಟೇ ಎದ್ರು ಸಾರ್. ನನ್ನ ಮುಖಾನೇ ನೋಡ್ತಿದಾರೆ ಪಾಪ.”

“ನರ್ಸಮ್ಮ ಎಲ್ಲಿ?”

“ಊಟಕ್ಕೆ ಹೋದ್ರು ಸಾರ್. ನಾನಿದೀನಲ್ಲ ಅಂದೆ.”

“ಫೋನು ಹೊರಗೆ ಯಾರಿಗಾದರೂ ಕೊಡಮ್ಮ. ಸ್ವಲ್ಪ ಕೆಲಸ ಇತ್ತು.”

ಆಚೆ ಕಡೆ ಕುರ್ಚಿ ಸರಿದ ಸದ್ದಾಯಿತು.

“ಒಂದು ನಿಮಿಷ ಸಾರ್. ಲೈನಲ್ಲಿರಿ.”

ಚರಕ್ಕೆಂದು ಸದ್ದಾಯಿತು. ಚರ್ಮ ಉಜ್ಜಿದ ಸದ್ದು.

ಬೇರೆಯವರ ಮೊಬೈಲು. ಕೆಂಪು ಗುಂಡಿ ಇರಲಿಲ್ಲ. ಜೇನು ಅಂಗೈ ಇಟ್ಟಿದ್ದಳು.

ಸಾಹೇಬರು ಉಸಿರು ಹಿಡಿದು, ದೊಡ್ಡಪ್ಪನಿಗೆ ಮೇಜಿನ ಮೇಲಿನ ಇನ್ನೊಂದು ಫೋನು ತೋರಿಸಿದರು. ಅದರ ಪಕ್ಕದ ಚೀಟಿಯಲ್ಲಿ ವಾರ್ಡಿನ ನಂಬರಿತ್ತು. ‘ಮಾಡಿ’ ಎಂದು ತುಟಿ ಆಡಿಸಿದರು. ‘ಅವಳನ್ನು ಹಿಡಿದುಕೊಳ್ಳಿ ಅಂತ ಹೇಳಿ. ಹೆಸರು ಹೇಳಿ.’

ದೊಡ್ಡಪ್ಪ ಬಂದರು. ರಿಸೀವರಿನ ಮೇಲೆ ಕೈ ಇಟ್ಟರು.

ಸಾಹೇಬರ ಕಿವಿಯಲ್ಲಿ ಲೋಟವೊಂದು ಮಂಚದ ಕಬ್ಬಿಣಕ್ಕೆ ತಾಗಿತು. ಮುಚ್ಚಳ ತಿರುಗಿತು. ನೀರು ಸುರಿಯತೊಡಗಿತು. ನಿಧಾನವಾಗಿ, ಲೋಟ ತುಂಬುವವರೆಗೆ.

“ಬಾಯಿ ತೆಗಿ.”

ಮತ್ತೆ, ಆರು ದಿನದಿಂದ ಯಾರೂ ಕೇಳದಿದ್ದ ಒಂದು ಒಡಕು ದನಿ:

“ಬೇಡ.”

ಸಾಹೇಬರು ತಲೆಯೆತ್ತಿ ನೋಡಿದರು. ಪಕ್ಕದ ಕೋಣೆಯಲ್ಲಿ ಫೋನುಗಳು ಒಂದರ ಹಿಂದೊಂದು ಬಡಿದುಕೊಳ್ಳುತ್ತಿದ್ದವು. ಗಾಜಿನಾಚೆ ಐದನೇ ಮೇಜಿನಿಂದ ಸೊಸೆ ಮಾವನನ್ನೇ ನೋಡುತ್ತ, ಬೇಡವೆಂಬಂತೆ ತಲೆಯಾಡಿಸುತ್ತಿದ್ದಳು.

ದೊಡ್ಡಪ್ಪನ ಕೈ ರಿಸೀವರಿನ ಮೇಲೇ ಇತ್ತು. ಅವರು ಅದನ್ನು ಎತ್ತಿರಲಿಲ್ಲ.